ಡ್ರೈವ್ ಬದಲಿಸುವ ಮೊದಲು ಫೋಲ್ಡರ್ ತೆರೆದು ನೋಡಿ

"ಡಿವಿಡಿ ಹಾಕಿದರೆ ಸಿನಿಮಾ ಓಡ್ತಿಲ್ಲ, ಡ್ರೈವ್ ಕೆಟ್ಟಿದೆ, ಹೊಸದು ಹಾಕಿಕೊಡಿ" ಅಂತಲೇ ಜನ ಕಂಪ್ಯೂಟರ್ ತರುತ್ತಾರೆ. "ಡಿಸ್ಕ್ ಹಾಕಿ ಅದರೊಳಗೆ ಏನಿದೆ ಅಂತ ನೋಡಿದ್ರಾ?" ಎಂದು ಕೇಳುತ್ತೇನೆ. ಜಾಸ್ತಿ ಜನ ನೋಡಿರುವುದಿಲ್ಲ.

ಒಂದು ನಿಮಿಷದ ಕೆಲಸ ಇದು. ಡ್ರೈವ್‌ನ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್' ಒತ್ತಿ. 'ವಿಡಿಯೋ ಟಿಎಸ್' ಎಂಬ ಫೋಲ್ಡರ್, ಅದರೊಳಗೆ ವಿಒಬಿ ಫೈಲ್‌ಗಳು (ಡಿವಿಡಿಯ ಚಿತ್ರ, ಧ್ವನಿ ಇರುವುದು ಇವುಗಳಲ್ಲೇ) ಕಂಡವಾ? ಹಾಗಾದರೆ ಡ್ರೈವ್ ಡಿಸ್ಕನ್ನು ಓದುತ್ತಿದೆ. ಮೊದಲು ಅನುಮಾನ ಪಡಬೇಕಾದ್ದು ಪ್ಲೇಯರ್ ಮೇಲೆ, ಅಂದರೆ ವಿಡಿಯೋ ಓಡಿಸುವ ತಂತ್ರಾಂಶದ ಮೇಲೆ. ಡಿವಿಡಿಯ ಚಿತ್ರ ಎಂಪೆಗ್-2 ಎಂಬ ಕುಗ್ಗಿಸಿದ ರೂಪದಲ್ಲಿರುತ್ತದೆ, ಅದನ್ನು ಬಿಡಿಸಿ ತೋರಿಸಲು ಪ್ಲೇಯರ್‌ಗೆ ಬರಬೇಕು. 2012ರಲ್ಲಿ ಬಂದ ವಿಂಡೋಸ್ 8ರಿಂದ ವಿಂಡೋಸ್ ಮೀಡಿಯಾ ಪ್ಲೇಯರ್ ಡಿವಿಡಿ ಸಿನಿಮಾ ಓಡಿಸುವುದನ್ನೇ ಬಿಟ್ಟಿದೆ. ಉಚಿತವಾಗಿ ಸಿಗುವ ವಿಎಲ್‌ಸಿ ಎಂಬ ಪ್ಲೇಯರ್ ಹಾಕಿಕೊಳ್ಳಿ. ಅದರ 'ಮೀಡಿಯಾ' ಮೆನುವಿನಲ್ಲಿ 'ಓಪನ್ ಡಿಸ್ಕ್' ಇದೆ. ಡಿವಿಡಿಯ ಮೆನುವಿನಲ್ಲೇ ಸಿಕ್ಕಿಕೊಂಡರೆ 'ನೋ ಡಿಸ್ಕ್ ಮೆನುಸ್' ಗುರುತು ಹಾಕಿ ಮತ್ತೆ ಓಡಿಸಿ.

ಸಿಡಿ ಓದುತ್ತದೆ, ಡಿವಿಡಿ ಮಾತ್ರ ಇಲ್ಲ ಅಂದರೆ ವಿಷಯ ಬೇರೆ. ಸಿಡಿ ಓದುವುದು 780 ನ್ಯಾನೋಮೀಟರ್ ಲೇಸರ್, ಡಿವಿಡಿ ಓದುವುದು 650 ನ್ಯಾನೋಮೀಟರ್‌ನ ಕೆಂಪು ಲೇಸರ್. ಒಂದು ಸೋತರೂ ಇನ್ನೊಂದು ಸರಿಯಾಗೇ ಇರಬಹುದು. ಮೂರು ನಾಲ್ಕು ಒಳ್ಳೆಯ ಡಿವಿಡಿ ಹಾಕಿ ನೋಡಿ. ಯಾವುದನ್ನೂ ಓದದಿದ್ದರೆ ಆಗ ಡ್ರೈವ್ ಬದಲಿಸುವ ಮಾತು. ಯುಎಸ್‌ಬಿ ಡ್ರೈವ್ ಆದರೆ ಹಬ್ ಬಿಟ್ಟು ನೇರ ಕಂಪ್ಯೂಟರ್‌ಗೇ ಚುಚ್ಚಿ. ಹಬ್‌ನಿಂದ ಬರುವ ಕರೆಂಟ್ ಸಾಲದೆ ಡಿಸ್ಕ್ ತಿರುಗಲು ಹೋಗಿ ನಿಂತುಬಿಡಬಹುದು.

ಒಬ್ಬರು ಮದುವೆಯ ಡಿವಿಡಿ ತಂದಿದ್ದರು. ಅರ್ಧ ಗಂಟೆ ಚೆನ್ನಾಗಿ ಓಡಿ, ಆಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಕಿವಿಗೊಟ್ಟರೆ ಡ್ರೈವ್ ಒಳಗೆ ಗುಂಯ್ ಎಂದು ಅದುರುವ ಸದ್ದು. ತೆಗೆದು ನೋಡಿದೆ. ಹೆಸರು ಬರೆದು ಅಂಟಿಸಿದ್ದ ಕಾಗದದ ಸ್ಟಿಕ್ಕರ್ ಒಂದು ಅಂಚಿನಲ್ಲಿ ಎದ್ದಿತ್ತು. ಡಿಸ್ಕ್ ಓದುವುದು ಮಧ್ಯದಿಂದ ಅಂಚಿನ ಕಡೆಗೆ. ತೂಕ ಒಂದು ಕಡೆ ವಾಲಿದರೆ ಅಂಚು ಜಾಸ್ತಿ ಅಲುಗುತ್ತದೆ, ಅಲ್ವಾ? ಸ್ಟಿಕ್ಕರ್ ಕೀಳಲು ನಾನು ಹೋಗಲಿಲ್ಲ. ಡಿವಿಡಿ ಎಂದರೆ 0.6 ಮಿಲಿಮೀಟರ್ ದಪ್ಪದ ಎರಡು ಬಿಲ್ಲೆಗಳನ್ನು ಅಂಟಿಸಿದ್ದು. ಎಳೆದರೆ ಬಾಗಿ, ಪದರ ಬಿಡಬಹುದು. ನಿಧಾನವಾಗಿ ತಿರುಗುವ ಹಳೆಯ ಡ್ರೈವ್‌ಗೆ ಹಾಕಿ ಫೈಲ್‌ಗಳನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿದೆ. ಪೂರ್ತಿ ಬಂತು. ನಿಮ್ಮ ಮನೆಯ ವಿಡಿಯೋಗಳನ್ನೂ ಓದುತ್ತಿರುವಾಗಲೇ ಹೀಗೆ ಇಳಿಸಿಟ್ಟುಕೊಳ್ಳಿ, ದಯವಿಟ್ಟು.

ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬೇಡಿ. ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಸುರುಳಿಗೆ ಅಡ್ಡವಾಗಿ ಬಿದ್ದ ಗೀರನ್ನು ಡ್ರೈವ್ ತಾನೇ ಸರಿದೂಗಿಸಿಕೊಳ್ಳಬಲ್ಲದು. ಸುರುಳಿಯ ಉದ್ದಕ್ಕೇ ಬಿದ್ದ ಗೀರು ಕಷ್ಟ.

ಬೇರೆ ದೇಶದ ಡಿವಿಡಿಯಾದರೆ ಪ್ರದೇಶದ ಕೋಡ್ (ಆ ಡಿವಿಡಿ ಯಾವ ಪ್ರದೇಶದಲ್ಲಿ ಓಡಬೇಕು ಎಂಬ ಗುರುತು) ಅಡ್ಡ ಬರಬಹುದು. ಡ್ರೈವ್‌ನಲ್ಲಿ ಅದನ್ನು ಬದಲಿಸಲು ಅವಕಾಶ ಐದೇ ಸಲ. ಸುಮ್ನೆ ಪ್ರಯೋಗ ಮಾಡಲು ಹೋಗಬೇಡಿ.

ಇನ್ನು ಹಳೆಯ ಕ್ಯಾಮೆರಾದಲ್ಲೋ ರೆಕಾರ್ಡರ್‌ನಲ್ಲೋ ತೆಗೆದ ಡಿಸ್ಕ್ ಕಂಪ್ಯೂಟರ್‌ನಲ್ಲಿ ಖಾಲಿ ಎಂದು ತೋರಿಸಿದರೆ ಎಸೆಯಬೇಡಿ. ಅದನ್ನು 'ಫೈನಲೈಸ್' ಮಾಡದೆ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಬರೆಯುವ ಕೆಲಸ ಮುಗಿಸದೆ ಬಿಟ್ಟಿರಬಹುದು. ಅದೇ ಯಂತ್ರಕ್ಕೆ ಮತ್ತೆ ಹಾಕಿ ಆ ಆಯ್ಕೆ ಒತ್ತಿ, ಮುಗಿಯುವವರೆಗೂ ಕರೆಂಟ್ ತೆಗೆಯದೆ ಕಾಯಿರಿ. ಆಮೇಲೆ ಕಂಪ್ಯೂಟರ್‌ಗೆ ಹಾಕಿ ನೋಡಿ.