ರಿಯಾದ್–ಟೆಹರಾನ್: ಕಿಟಕಿ ಮುಚ್ಚಿದ್ದ ಏಳು ವರ್ಷ

ಕೊಲ್ಲಿ ದೇಶವೊಂದರ ಭಾರತೀಯ ರಾಯಭಾರ ಕಚೇರಿಯಲ್ಲಿ ಕಾನ್ಸುಲರ್ ಕೆಲಸ ಮಾಡಿದವನು ನಾನು. ಕಳೆದುಹೋದ ಪಾಸ್‌ಪೋರ್ಟ್, ತೀರಿಕೊಂಡವರ ಕಾಗದಪತ್ರ, ಊರಿಗೆ ಹೋಗಲಾಗದೆ ಸಿಕ್ಕಿಕೊಂಡವರ ಅಳಲು, ಎಲ್ಲವೂ ಒಂದೇ ಕಿಟಕಿಗೆ ಬರುತ್ತಿದ್ದವು. ಹಾಗಾಗಿ ಎರಡು ದೇಶಗಳು ಸಂಬಂಧ ಕಡಿದುಕೊಂಡ ಸುದ್ದಿ ಓದಿದಾಗ ಆ ಕಿಟಕಿಯ ಮುಂದೆ ನಿಲ್ಲಬೇಕಾದವರೇ ನನ್ನ ಕಣ್ಣಮುಂದೆ ಬರುತ್ತಾರೆ.

2016ರ ಜನವರಿ 2ರಂದು ಸೌದಿ ಅರೇಬಿಯಾ ಶಿಯಾ ಧರ್ಮಗುರು ನಿಮ್ರ್ ಅಲ್-ನಿಮ್ರ್ ಸೇರಿದಂತೆ 47 ಮಂದಿಗೆ ಮರಣದಂಡನೆ ಜಾರಿಗೊಳಿಸಿತು. ಅಂದು ರಾತ್ರಿ ಶಿಯಾ ಬಹುಸಂಖ್ಯಾತ ಇರಾನಿನ ರಾಜಧಾನಿ ಟೆಹರಾನ್‌ನಲ್ಲಿ ಉದ್ರಿಕ್ತ ಗುಂಪು ಸೌದಿ ರಾಯಭಾರ ಕಚೇರಿಗೆ ನುಗ್ಗಿ ಬೆಂಕಿ ಹಚ್ಚಿತು. ಮರುದಿನವೇ ಸೌದಿ ಸರ್ಕಾರ ಇರಾನ್ ಜೊತೆಗಿನ ಸಂಬಂಧ ಕಡಿದುಕೊಂಡು, ಇರಾನಿನ ರಾಜತಾಂತ್ರಿಕರು ಹೊರಡಲು 48 ಗಂಟೆಗಳ ಗಡುವು ಕೊಟ್ಟಿತು.

ರಾಜತಾಂತ್ರಿಕತೆಯಲ್ಲಿ ಸಿಟ್ಟು ತೋರಿಸಲು ಹಲವು ಮೆಟ್ಟಿಲುಗಳಿವೆ. ಆ ತಿಂಗಳು ಅವೆಲ್ಲ ಒಟ್ಟಿಗೆ ಕಾಣಿಸಿದವು. ಬಹ್ರೇನ್ ಸೌದಿಯಂತೆಯೇ ಪೂರ್ತಿ ಕಡಿದುಕೊಂಡಿತು. ಯುಎಇ ರಾಯಭಾರಿಯನ್ನು ಕರೆಸಿಕೊಂಡು ಸಂಬಂಧದ ದರ್ಜೆ ಇಳಿಸಿತು. ಕುವೈತ್ ಮತ್ತು ಕತಾರ್ ರಾಯಭಾರಿಗಳನ್ನಷ್ಟೇ ಹಿಂದಕ್ಕೆ ಕರೆದವು. ಒಮಾನ್ ಅದನ್ನೂ ಮಾಡಲಿಲ್ಲ. ರಾಯಭಾರಿ ಇಲ್ಲದಿದ್ದರೂ ಕಚೇರಿಯಲ್ಲಿ ಫೋನ್ ಎತ್ತುವವರು ಇರುತ್ತಾರೆ, ಕಡತ ಮುಂದೆ ಸಾಗುತ್ತದೆ. ಹೊರಗಿನವರಿಗೆ ಇದು ಸಣ್ಣ ವ್ಯತ್ಯಾಸವೆನಿಸಬಹುದು. ನಮ್ಮ ಕೆಲಸದಲ್ಲಿ ಇದೇ ಎಲ್ಲ. ಸಂಬಂಧ ಸರಿಪಡಿಸಲು ಕುವೈತ್, ಯುಎಇಗೆ ರಾಯಭಾರಿಗಳನ್ನು ಮರಳಿ ಕಳಿಸುವುದಷ್ಟೇ ಬಾಕಿಯಿತ್ತು, 2022ರ ಆಗಸ್ಟ್‌ನಲ್ಲಿ ಕಳಿಸಿದವು. ಸೌದಿ ಮಾತ್ರ 2021ರಿಂದ ಇರಾಕಿನ ರಾಜಧಾನಿ ಬಾಗ್ದಾದ್‌ನಲ್ಲಿ ಇರಾನ್ ಜೊತೆ ಐದು ಸುತ್ತು ಮಾತಾಡಿ, ಒಮಾನ್‌ನ ನೆರವನ್ನೂ ಪಡೆದು, ಕೊನೆಗೆ 2023ರ ಮಾರ್ಚ್ 10ರಂದು ಬೀಜಿಂಗ್‌ನಲ್ಲಿ ಸಂಬಂಧ ಮರಳಿ ಬೆಸೆಯುವ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಫೋಟೋದಲ್ಲಿ ಚೀನಾ ಕಾಣಿಸಿಕೊಂಡಿತು. ಆದರೆ ಹೆಚ್ಚಿನ ಶ್ರೇಯ ಬಾಗ್ದಾದ್‌ಗೆ ಸಲ್ಲಬೇಕು ಎಂದೇ ನಾನು ಭಾವಿಸುತ್ತೇನೆ. ಇಬ್ಬರು ನೆರೆಯವರ ಜಗಳದ ಪೆಟ್ಟನ್ನು ತನ್ನದೇ ನೆಲದಲ್ಲಿ ತಿಂದ ದೇಶ ಇರಾಕ್.

ಈ ಜಗಳಕ್ಕೆ ಬೆಲೆ ತೆತ್ತವರು ಯಾರು? 2016ರಲ್ಲಿ ಇರಾನಿನಿಂದ ಹಜ್ ಯಾತ್ರೆಯೇ ಹೊರಡಲಿಲ್ಲ. ವರ್ಷಗಟ್ಟಲೆ ದುಡ್ಡು ಕೂಡಿಟ್ಟ ಮುದುಕರು ಮನೆಯಲ್ಲೇ ಉಳಿದರು. ಮರುವರ್ಷ ಯಾತ್ರೆ ಶುರುವಾದರೂ ಅದಕ್ಕಾಗಿ ಪ್ರತ್ಯೇಕ ಮಾತುಕತೆಯೇ ನಡೆಯಬೇಕಾಯಿತು.

2025ರ ಜೂನ್ 13ರಂದು ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿದಾಗ ಹಜ್ ಮುಗಿಸಿದ್ದ ಸಾವಿರಾರು ಇರಾನಿಯರು ಸೌದಿಯಲ್ಲೇ ಇದ್ದರು. ಅವರ ದೇಶದ ವಾಯುಪ್ರದೇಶ ಮುಚ್ಚಿತ್ತು. ಅವರು ಮರಳುವವರೆಗೆ ಬೇಕಾದದ್ದನ್ನೆಲ್ಲ ಒದಗಿಸುವಂತೆ ದೊರೆ ಸಲ್ಮಾನ್ ಆದೇಶಿಸಿದರು. ಯಾತ್ರಿಕರು ಅರಾರ್ ಗಡಿ ದಾಟಿ, ಇರಾಕ್ ಮೂಲಕ ರಸ್ತೆಯಲ್ಲಿ ಮನೆ ಸೇರಿದರು. ರಿಯಾದ್‌ನಲ್ಲಿ ಇರಾನಿನ ರಾಯಭಾರ ಕಚೇರಿಯ ಬಾಗಿಲು ಅದಕ್ಕೆ ಎರಡು ವರ್ಷ ಮೊದಲೇ ಮತ್ತೆ ತೆರೆದಿತ್ತು.