ಮಠದ ಗೋಡೆ ದಾಟಿದ ದಾದಿಯರು

1617ರ ಆಗಸ್ಟ್ ತಿಂಗಳ ಒಂದು ಭಾನುವಾರ. ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರಿನಲ್ಲಿ ಪಾದ್ರಿ ವಿನ್ಸೆಂಟ್ ಡಿ ಪಾಲ್ ಪೂಜೆಗೆ ಅಣಿಯಾಗುತ್ತಿದ್ದಾಗ ಒಂದು ಸುದ್ದಿ ಬಂತು. ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವರು ಯಾರೂ ಇಲ್ಲ. ಪ್ರವಚನದಲ್ಲಿ ಅವರು ಅದನ್ನೇ ಹೇಳಿದರು. ಮಧ್ಯಾಹ್ನ ಹೋಗಿ ನೋಡಿದರೆ ದಾರಿ ತುಂಬಾ ಜನ. ಊರಿಗೆ ಊರೇ ಊಟ ಹೊತ್ತು ಹೊರಟಿತ್ತು. ಬೇರೆಯವರಾಗಿದ್ದರೆ ಖುಷಿಪಟ್ಟು ಸುಮ್ಮನಾಗುತ್ತಿದ್ದರೇನೋ. ವಿನ್ಸೆಂಟ್‌ಗೆ ಚಿಂತೆ ಹತ್ತಿತು. ಇವತ್ತು ಬಂದದ್ದು ಜಾಸ್ತಿಯಾಗಿ ಕೆಡುತ್ತದೆ, ನಾಡಿದ್ದು ಮತ್ತೆ ಉಪವಾಸ, ಅಲ್ವಾ?

ಕೆಲವೇ ದಿನಗಳಲ್ಲಿ ಊರಿನ ಹೆಂಗಸರನ್ನು ಸೇರಿಸಿ ಸರದಿ ಗೊತ್ತುಮಾಡಿದರು. ಅದೇ ವರ್ಷ ಬರೆದ ನಿಯಮಗಳನ್ನು ಓದಿದರೆ, ಬರೆದವರು ರೋಗಿಯ ಪಕ್ಕ ಕೂತು ಗೊತ್ತಿದ್ದವರು ಅನ್ನಿಸುತ್ತದೆ. ಒಳಗೆ ಹೋದವಳು ನಗುಮುಖದಿಂದ ಮಾತಾಡಿಸಬೇಕು. ಹಾಸಿಗೆಯ ಮೇಲೆ ಬಟ್ಟೆ ಹಾಸಿ ತಟ್ಟೆ, ಚಮಚ, ಬ್ರೆಡ್ ಇಡಬೇಕು. ರೋಗಿಯ ಕೈ ತೊಳೆಸಬೇಕು. ಆಮೇಲೆ ಸೂಪು ಬಡಿಸಿ, ಇನ್ನೊಂದು ತುತ್ತು ತಿನ್ನು ಅಂತ ಪ್ರೀತಿಯಿಂದ ಒತ್ತಾಯ ಮಾಡಬೇಕು. ಜೊತೆಗೆ ಯಾರಾದರೂ ಇರುವ ರೋಗಿಗಳ ಮನೆಗೆ ಮೊದಲು ಹೋಗಬೇಕು, ಒಂಟಿಯಾಗಿರುವವರನ್ನು ಕೊನೆಗೆ ಇಟ್ಟುಕೊಳ್ಳಬೇಕು. ಅವರ ಹತ್ತಿರ ಜಾಸ್ತಿ ಹೊತ್ತು ಕೂರಬಹುದು ಅಂತ.

ಹಳ್ಳಿಯಲ್ಲಿ ನಡೆದದ್ದು ಪ್ಯಾರಿಸ್‌ನಲ್ಲಿ ಕೈಕೊಟ್ಟಿತು. ಅಲ್ಲಿ ಸೇರಿದವರು ದೊಡ್ಡ ಮನೆತನದ ಹೆಂಗಸರು. ದುಡ್ಡು ಕೊಡಲು ಸಿದ್ಧ. ಆದರೆ ಬಡವರ ಗಲ್ಲಿಯಲ್ಲಿ ಸೂಪಿನ ಪಾತ್ರೆ ಹೊತ್ತು ನಡೆಯುವುದು? ಗಂಡಂದಿರು ಒಪ್ಪಲಿಲ್ಲ. ಹಲವರು ಕೆಲಸದವರನ್ನು ಕಳಿಸಿ ಕೈತೊಳೆದುಕೊಂಡರು.

ಈ ಹೊತ್ತಿಗೆ ಬಂದವಳು ಸುರೆನ್ ಹಳ್ಳಿಯ ದನ ಕಾಯುವ ಹುಡುಗಿ ಮಾರ್ಗರಿಟ್ ನಸೋ. ದಾರಿಹೋಕರನ್ನು ಕೇಳಿ ಕೇಳಿ ಅಕ್ಷರ ಕಲಿತವಳು. ಆ ಹೆಂಗಸರು ಮಾಡಲಾಗದ ಕೆಲಸ ನಾನು ಮಾಡುತ್ತೇನೆ ಎಂದು ಮುಂದೆ ಬಂದಳು. ಅವಳ ಹಿಂದೆ ಬೇರೆ ಹಳ್ಳಿ ಹುಡುಗಿಯರೂ ಬಂದರು. ಪ್ಲೇಗ್ ಬಂದ ಹೆಂಗಸೊಬ್ಬಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, ಅದೇ ರೋಗ ತಗುಲಿ 1633ರಲ್ಲಿ ಮಾರ್ಗರಿಟ್ ತೀರಿಕೊಂಡಳು. ಅದೇ ವರ್ಷ ನವೆಂಬರ್ 29ರಂದು ಲೂಯಿಸ್ ಡಿ ಮರಿಯಾಕ್ ಎಂಬ ವಿಧವೆ ಕೆಲವು ಹುಡುಗಿಯರನ್ನು ತನ್ನ ಮನೆಯಲ್ಲೇ ಇರಿಸಿಕೊಂಡು ತರಬೇತಿ ಶುರುಮಾಡಿದಳು. 'ಡಾಟರ್ಸ್ ಆಫ್ ಚಾರಿಟಿ' ಸಂಘ ಹುಟ್ಟಿದ್ದು ಹೀಗೆ. ಸಂಘದ ಚರಿತ್ರೆಯಲ್ಲಿ ವಿನ್ಸೆಂಟ್ ಹೆಸರೇ ಮೊದಲು ಕೇಳುತ್ತದೆ, ಆದರೆ ದಿನನಿತ್ಯದ ಭಾರ ಹೊತ್ತವಳು ಲೂಯಿಸ್.

ದೊಡ್ಡ ತೊಡಕು ಚರ್ಚಿನ ಕಾನೂನು. ಟ್ರೆಂಟ್‌ನಲ್ಲಿ ಕೂಡಿದ್ದ ಕ್ಯಾಥೊಲಿಕ್ ಬಿಷಪ್‌ಗಳ ಮಹಾಸಭೆ 1563ರಲ್ಲಿ ಕನ್ಯಾಸ್ತ್ರೀಯರು ಮಠದೊಳಗೇ ಇರಬೇಕೆಂದು ಕಟ್ಟುನಿಟ್ಟು ಮಾಡಿತ್ತು. ವಿಸಿಟೇಶನ್ ಎಂಬ ಸಂಘ ರೋಗಿಗಳ ಮನೆಗೆ ಹೋಗುವ ಆಸೆಯಿಂದ 1610ರಲ್ಲಿ ಶುರುವಾಗಿ, 1618ರಲ್ಲಿ ಮಠದ ಒಳಗೆ ಸೇರಬೇಕಾಯಿತು. ವಿನ್ಸೆಂಟ್ ಇದನ್ನು ಕಣ್ಣಾರೆ ಕಂಡಿದ್ದರು. ಹಾಗಾಗಿ ತಮ್ಮವರನ್ನು ಕನ್ಯಾಸ್ತ್ರೀಯರು ಅಂತ ಕರೆಯಲೇ ಇಲ್ಲ. ಜೀವನಪೂರ್ತಿ ವ್ರತ ಇಲ್ಲ. ಪ್ರತಿ ವರ್ಷ ಮಾರ್ಚ್ 25ಕ್ಕೆ ಹೊಸದಾಗಿ, ಖಾಸಗಿಯಾಗಿ ವ್ರತ ತೊಟ್ಟರೆ ಆಯಿತು. ರೋಗಿಗಳ ಮನೆಯೇ ನಿಮಗೆ ಮಠ, ಬಾಡಿಗೆ ಕೋಣೆಯೇ ನಿಮ್ಮ ಮಠದ ಕೋಣೆ, ಪಟ್ಟಣದ ಬೀದಿಗಳೇ ನಿಮ್ಮ ಪ್ರಾಕಾರ ಎಂದು ಹೇಳಿದರು. ಕೇಳಲು ಭಕ್ತಿಯ ಮಾತು. ನನಗಂತೂ ಅದರಲ್ಲಿ ವಕೀಲನ ಜಾಣತನವೂ ಕಾಣುತ್ತದೆ.

ಆಸ್ಪತ್ರೆಗಳೊಂದಿಗೆ ಸಂಘದವರು ಒಪ್ಪಂದ ಬರೆದುಕೊಳ್ಳುತ್ತಿದ್ದರು. 1640ರ ಆಂಜೆ ಊರಿನ ಆಸ್ಪತ್ರೆಯದು ಮೊದಮೊದಲಿನದು. ವಾರ್ಡಿನ ಕೆಲಸದಲ್ಲಿ ಆಡಳಿತದವರ ಮಾತು ನಡೆಯುತ್ತದೆ, ಸಿಸ್ಟರ್‌ಗಳ, ಅಂದರೆ ಸಂಘದ ಹೆಂಗಸರ, ಸ್ವಂತ ಶಿಸ್ತಿನ ವಿಷಯದಲ್ಲಿ ಪ್ಯಾರಿಸ್‌ನಲ್ಲಿದ್ದ ಸಂಘದ ಹಿರಿಯರದ್ದೇ ಮಾತು. ಹೀಗೆ ಒಂಟಿ ಹಳ್ಳಿ ಹುಡುಗಿಯ ಬೆನ್ನಿಗೆ ಒಂದು ಸಂಘ ನಿಂತಿತು.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಸಂಘವನ್ನು ಮುಚ್ಚಿದರು. ಅರಾಸ್ ಊರಿನ ನಾಲ್ವರು ಸಿಸ್ಟರ್‌ಗಳನ್ನು 1794ರ ಜೂನ್‌ನಲ್ಲಿ ಕಾಂಬ್ರೇ ಪಟ್ಟಣದಲ್ಲಿ ತಲೆ ಕಡಿಯುವ ಗಿಲೊಟಿನ್ ಯಂತ್ರಕ್ಕೆ ಹಾಕಿದರು. ಆದರೆ ವಾರ್ಡು ನಡೆಸುವವರು ಬೇಕಲ್ಲ! 1800ರ ಡಿಸೆಂಬರ್‌ನಲ್ಲಿ ಸರ್ಕಾರವೇ ಹಳೆಯ ಮುಖ್ಯಸ್ಥೆಯನ್ನು ಕರೆದು, ಆಸ್ಪತ್ರೆ ಕೆಲಸಕ್ಕೆ ಹುಡುಗಿಯರನ್ನು ತಯಾರು ಮಾಡಿ ಎಂದಿತು.

1854ರಲ್ಲಿ ಬ್ರಿಟನ್, ಫ್ರಾನ್ಸ್ ಒಂದಾಗಿ ರಷ್ಯಾದ ವಿರುದ್ಧ ಹೋರಾಡಿದ ಕ್ರಿಮಿಯಾ ಯುದ್ಧ. ಫ್ರೆಂಚ್ ಗಾಯಾಳುಗಳಿಗೆ ಸಿಸ್ಟರ್‌ಗಳಿದ್ದಾರೆ, ನಮಗೇಕೆ ಇಲ್ಲ ಎಂದು ಲಂಡನ್ ಪತ್ರಿಕೆಯಲ್ಲಿ ಪ್ರಶ್ನೆ ಎದ್ದಿತು. ಬ್ರಿಟಿಷ್ ಗಾಯಾಳುಗಳ ಆರೈಕೆಗೆ ಫ್ಲಾರೆನ್ಸ್ ನೈಟಿಂಗೇಲ್ ಹೊರಟಾಗ ಜೊತೆಗಿದ್ದ 38 ಹೆಂಗಸರಲ್ಲಿ 10 ಮಂದಿ ಕ್ಯಾಥೊಲಿಕ್ ಸಿಸ್ಟರ್‌ಗಳು. ಅದೇ ವರ್ಷ ಬೆಂಗಳೂರಿಗೆ ಗುಡ್ ಶೆಫರ್ಡ್ ಸಿಸ್ಟರ್‌ಗಳು ಬಂದರು. 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಕಟ್ಟಿದ್ದು ಅವರೇ. ಇವರದು ಬೇರೆ ಸಂಘ, ಆದರೆ ಮೂಲ ಅದೇ ಆಂಜೆ ಊರು.

ಪ್ಯಾರಿಸ್‌ನಲ್ಲಿ ಅಷ್ಟರಲ್ಲಿ ಗಾಳಿ ತಿರುಗಿತ್ತು. ಧರ್ಮ ಆಸ್ಪತ್ರೆಯಿಂದ ಹೊರಗಿರಲಿ ಎಂದು ಡಾಕ್ಟರ್ ಬೂರ್ನ್‌ವಿಲ್ ಹಟ ಹಿಡಿದರು. 1878ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲೇ ನರ್ಸಿಂಗ್ ಶಾಲೆ ತೆರೆಸಿದರು. ತಮಾಷೆಯೆಂದರೆ, ಸಿಸ್ಟರ್‌ಗಳನ್ನು ಕಳಿಸಬೇಡಿ ಎಂದು ಜೋರಾಗಿ ಜಗಳ ಮಾಡಿದವರಲ್ಲಿ ಒಬ್ಬರು ಸರ್ಜನ್ ಆರ್ಮಾಂಡ್ ದೆಪ್ರೆ. ಅವರು ನಾಸ್ತಿಕರು! ಸಂಬಳದ ಲೆಕ್ಕವೂ ಈ ಜಗಳದಲ್ಲಿತ್ತು. ಸಂಸಾರ, ಬಾಡಿಗೆ ಅಂತ ಇಲ್ಲದ ಸಿಸ್ಟರ್‌ಗಳಿಗೆ ಕೊಡುತ್ತಿದ್ದದ್ದು ಬಹಳ ಕಡಿಮೆ. 1908ರಲ್ಲಿ ಹಳೆಯ ಓತೆಲ್-ದ್ಯೂ ಆಸ್ಪತ್ರೆಯಿಂದ ಆಗಸ್ಟಿನಿಯನ್ ಎಂಬ ಬೇರೆ ಸಂಘದ ಸಿಸ್ಟರ್‌ಗಳೂ ಹೊರಟರು. ಅವರ ಜಾಗಕ್ಕೆ ಬಂದ ಕೆಲಸಗಾರ ಹೆಂಗಸರನ್ನು ಆಡಳಿತದವರು ಆಸ್ಪತ್ರೆಯಲ್ಲೇ ಸಾಲು ಮಂಚಗಳ ಕೋಣೆಗಳಲ್ಲಿ ಮಲಗಿಸಿದರು, ಸಂಬಳವನ್ನೂ ಕಮ್ಮಿಯೇ ಇಟ್ಟರು.