ಮೇಲ್ಹೊಟ್ಟೆಯಲ್ಲಿ ಕೈಗೆ ಸಿಗುವ ಗಂಟು: ಕಾರಣಗಳನ್ನು ಹುಡುಕುವ ಕ್ರಮ

ರಾಯಚೂರು, ಕೊಪ್ಪಳ ಕಡೆಯ ರೋಗಿಯೊಬ್ಬರು "ಎದಿಗುಂಡಿ ಕೆಳಗ ಗಂಟು ಕೈಗೆ ಹತ್ತತೈತ್ರೀ" ಎಂದು ಹೇಳಿದೊಡನೆ ಅಂಗದ ಹೆಸರು ಊಹಿಸಲು ಹೊರಡಬಾರದು. ಗಂಟು ಹೊಟ್ಟೆಯ ಗೋಡೆಯಲ್ಲಿದೆಯೋ ಒಳಗಿದೆಯೋ ಎಂಬುದು ಮೊದಲು ತೀರ್ಮಾನವಾಗಬೇಕು. ಅಂಗಾತ ಮಲಗಿದ ರೋಗಿ ಕೈಯೂರದೆ ತಲೆ ಮತ್ತು ಭುಜಗಳನ್ನು ಎತ್ತಿದಾಗ ಸ್ನಾಯುಗಳು ಬಿಗಿಯುತ್ತವೆ. ಆಗ ಕೊಬ್ಬಿನ ಗಡ್ಡೆ ಅಥವಾ ನಡುಗೆರೆಯ ಹರ್ನಿಯಾ ಇನ್ನಷ್ಟು ಸ್ಪಷ್ಟವಾಗುತ್ತದೆ, ಒಳಗಿನ ಗಂಟು ಮರೆಯಾಗುತ್ತದೆ. ಎದೆಮೂಳೆಯ ಕೆಳತುದಿಯನ್ನೇ ಗಡ್ಡೆಯೆಂದು ಭಾವಿಸಿ ಹೆದರಿ ಬರುವವರೂ ಉಂಟು.

ಒಳಗಿನದಾದರೆ ಉಸಿರಾಟದೊಂದಿಗಿನ ಚಲನೆಯನ್ನು ಗಮನಿಸಬೇಕು. ಯಕೃತ್ತು, ಪಿತ್ತಕೋಶ ಮತ್ತು ಗುಲ್ಮ (ಪ್ಲೀಹ, ಸ್ಪ್ಲೀನ್) ಉಸಿರೆಳೆದಾಗ ಕೆಳಗಿಳಿಯುತ್ತವೆ; ಮೇದೋಜೀರಕ ಗ್ರಂಥಿಯ ಉರಿಯೂತದ ಕೆಲವು ವಾರಗಳ ನಂತರ ಮೂಡುವ ದ್ರವದ ಚೀಲ ಬಹುತೇಕ ಅಲುಗುವುದಿಲ್ಲ. ಎಡಪಕ್ಕೆಲುಬಿನಡಿಯಿಂದ ಹೊಕ್ಕುಳಿನತ್ತ ಓರೆಯಾಗಿ ಬೆಳೆದು, ಅಂಚಿನಲ್ಲಿ ಕಚ್ಚು ಸಿಗುವ ಗಂಟು ಗುಲ್ಮವಾಗಿರುವ ಸಂಭವ ಹೆಚ್ಚು. ಆಗ ಮಲೇರಿಯಾ, ಯಕೃತ್ತಿನ ಸಿರೋಸಿಸ್, ರಕ್ತದ ಕ್ಯಾನ್ಸರ್‌ಗಳನ್ನು ವಿಚಾರಿಸಬೇಕು. ಕಾಮಾಲೆಯೊಂದಿಗೆ ನೋವಿಲ್ಲದೆ ಉಬ್ಬಿದ ಪಿತ್ತಕೋಶ ಸಿಕ್ಕರೆ ಕಲ್ಲಿಗಿಂತ ಮೇದೋಜೀರಕ ಗ್ರಂಥಿಯ ತಲೆಭಾಗದ ಕ್ಯಾನ್ಸರನ್ನೇ ಮೊದಲು ಶಂಕಿಸಬೇಕು. ಜಠರದ ಕ್ಯಾನ್ಸರ್‌ನಲ್ಲಿ ತೂಕ ಇಳಿಯುತ್ತದೆ, ಊಟದ ನಂತರ ವಾಂತಿಯಾಗಬಹುದು. ಅದು ಹರಡಿದೆಯೇ ಎಂದು ತಿಳಿಯಲು ಎಡ ಕೊರಳೆಲುಬಿನ ಮೇಲಿನ ದುಗ್ಧರಸ ಗ್ರಂಥಿಯನ್ನು (ಲಿಂಫ್ ಗ್ರಂಥಿ) ಮರೆಯದೆ ಮುಟ್ಟಿ ನೋಡಬೇಕು.

ನಮ್ಮ ಭಾಗದಲ್ಲಿ ವೃತ್ತಿಯ ಪ್ರಶ್ನೆಯನ್ನು ಬಿಡಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕುರಿಯ ಒಳಾಂಗಗಳನ್ನು ತಿಂದ ನಾಯಿಯ ಕರುಳಿನಲ್ಲಿ ಒಂದು ಬಗೆಯ ಲಾಡಿಹುಳು ಬೆಳೆಯುತ್ತದೆ. ನಾಯಿಯ ಮಲದೊಂದಿಗೆ ಹೊರಬಂದ ಅದರ ಮೊಟ್ಟೆಗಳು ಮನುಷ್ಯನ ಬಾಯಿ ಸೇರಿದರೆ, ಹೆಚ್ಚಾಗಿ ಯಕೃತ್ತಿನಲ್ಲಿ, ಹೈಡಾಟಿಡ್ ಚೀಲವಾಗಿ ವರ್ಷಗಟ್ಟಲೆ ನೋವಿಲ್ಲದೆ ಹಿಗ್ಗುತ್ತದೆ. ಆದ್ದರಿಂದ ಕುರಿಗಾಹಿಯ ಬಲ ಮೇಲ್ಹೊಟ್ಟೆಯಲ್ಲಿ ನುಣುಪಾದ, ದುಂಡನೆಯ ಗಂಟಿದ್ದರೆ ಅಲ್ಟ್ರಾಸೌಂಡ್ ಆಗುವ ಮುನ್ನ ಸೂಜಿ ಚುಚ್ಚಬಾರದು; ದ್ರವ ಸೋರಿದರೆ ತೀವ್ರ ಅಲರ್ಜಿಯಾಗಬಹುದು, ಹೊಟ್ಟೆಯೊಳಗೆಲ್ಲ ಹೊಸ ಚೀಲಗಳೂ ಹುಟ್ಟಬಹುದು. ಇದಕ್ಕೆ ಬದಲಾಗಿ ಜ್ವರ, ಒತ್ತಿದರೆ ವಿಪರೀತ ನೋವು ಇದ್ದರೆ ಯಕೃತ್ತಿನ ಕೀವುಗಡ್ಡೆಯನ್ನು ನೆನೆಯಬೇಕು.

ಗಂಟು ಮಿಡಿಯುತ್ತಿದ್ದರೆ ಎರಡೂ ಬದಿಗೆ ಬೆರಳಿಡಿ. ಬೆರಳುಗಳು ಮೇಲಕ್ಕಷ್ಟೇ ಏಳುತ್ತಿದ್ದರೆ ಅದು ಮಹಾಪಧಮನಿಯ ಮುಂದಿರುವ ಗಡ್ಡೆಗೆ ದಾಟಿದ ಮಿಡಿತ. ಬೆರಳುಗಳು ಪರಸ್ಪರ ದೂರ ಸರಿದರೆ ಮಹಾಪಧಮನಿಯೇ ಉಬ್ಬಿರಬಹುದು. ಅಂಥ ರೋಗಿಗೆ ಹಠಾತ್ ಬೆನ್ನುನೋವು ಬಂದು ರಕ್ತದೊತ್ತಡ ಕುಸಿದಿದ್ದರೆ ಮತ್ತೆ ಮತ್ತೆ ಒತ್ತಿ ನೋಡದೆ, ರಕ್ತನಾಳದ ಶಸ್ತ್ರಚಿಕಿತ್ಸೆ ಇರುವಲ್ಲಿಗೆ ತಕ್ಷಣ ಕಳುಹಿಸಬೇಕು.